ಮಳೆಗಾಲಕ್ಕೆ ಮೊದಲು ಮನೆ: ಆರು ಹಂಚು ಕಲಿಸಿದ ಪಾಠ

ಅಡಿಕೆ ತೋಟ ಇರುವವರಿಗೆ ಮೇ ತಿಂಗಳು ಬಂತೆಂದರೆ ತಲೆಯಲ್ಲಿ ಒಂದೇ ಲೆಕ್ಕ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ತಂದಾಯ್ತಾ, ಸುಣ್ಣ ಬಂತಾ, ಕೊನೆಗೌಡ ಯಾವತ್ತು ಸಿಗ್ತಾನೆ? ಬಸಿಗಾಲುವೆ ಬಿಡಿಸಬೇಕು, ಕೊಟ್ಟಿಗೆಗೆ ದರಕು ತರಬೇಕು, ಕಟ್ಟಿಗೆ ಒಳಗೆ ಹಾಕಬೇಕು. ಈ ಗಡಿಬಿಡಿಯಲ್ಲಿ ನಾವು ಮರೆಯುವುದು ತಲೆಯ ಮೇಲಿನ ಮಾಡನ್ನು. "ಮನೆ ಎಲ್ಲಿಗೆ ಹೋಗ್ತದೆ, ದೀಪಾವಳಿ ಕಳೆದ ಮೇಲೆ ನೋಡಿದ್ರಾಯ್ತು" ಅಂತ ಹೇಳಿ ಮುಂದೆ ಹಾಕುತ್ತೇವೆ. ನಾನೂ ಹಾಗೇ ಹೇಳಿದವನು. ಅದರ ಪರಿಣಾಮ ಏನಾಯಿತು ಅನ್ನುವುದನ್ನು ಮೊದಲು ಹೇಳಿ, ಆಮೇಲೆ ಕೆಲಸದ ವಿಷಯಕ್ಕೆ ಬರುತ್ತೇನೆ.

ಮಲೆನಾಡಿನಲ್ಲಿ ಈಗ ಒಂದೊಂದು ಊರಲ್ಲೂ ಬೀಗ ಹಾಕಿದ ಮನೆಗಳಿವೆ. ಮಕ್ಕಳು ಬೆಂಗಳೂರಲ್ಲಿ, ಹಿರಿಯರು ಅವರ ಜೊತೆಯಲ್ಲಿ, ತೋಟ ಯಾರದ್ದೋ ಉಸ್ತುವಾರಿಯಲ್ಲಿ. ಇಂಥ ಮನೆಯನ್ನು ಇಟ್ಟುಕೊಳ್ಳುವುದೋ, ಬಾಡಿಗೆಗೆ ಕೊಡುವುದೋ, ಮಾರುವುದೋ ಎಂಬ ಪ್ರಶ್ನೆ ಇವತ್ತಲ್ಲ ನಾಳೆ ಎಲ್ಲರ ಮುಂದೆಯೂ ಬರುತ್ತದೆ. ಏನೇ ತೀರ್ಮಾನ ಮಾಡಿ, ಮಾಡು ಸೋರದಂತೆ ನೋಡಿಕೊಂಡಿದ್ದರೆ ಮಾತ್ರ ಆ ತೀರ್ಮಾನ ನಿಮ್ಮ ಕೈಯಲ್ಲಿರುತ್ತದೆ. ಇಲ್ಲದಿದ್ದರೆ ಮಳೆಯೇ ತೀರ್ಮಾನ ಮಾಡಿಬಿಡುತ್ತದೆ.

ದೊಡ್ಡಪ್ಪನ ಮನೆ

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ನಮ್ಮ ಮನೆಯಿಂದ ಕೂಗಳತೆಯಲ್ಲಿ ದೊಡ್ಡಪ್ಪನ ಮನೆ. ಮಣ್ಣಿನ ಗೋಡೆ, ಮಂಗಳೂರು ಹಂಚು, ಹಲಸಿನ ಮರದ ಕಂಬ, ಉದ್ದಕ್ಕೆ ಜಗಲಿ. ದೊಡ್ಡಪ್ಪ ತೀರಿಕೊಂಡ ಮೇಲೆ, 2017ರ ಬೇಸಿಗೆಯಲ್ಲಿ ದೊಡ್ಡಮ್ಮ ಮಗನ ಜೊತೆ ಬೆಂಗಳೂರಿಗೆ ಹೋದರು. ಹೋಗುವಾಗ ಅಣ್ಣ ಬೀಗದಕೈ ನನ್ನ ಕೈಗೆ ಕೊಟ್ಟು, "ತಮ್ಮಾ, ಒಂದು ಕಣ್ಣಿಟ್ಟಿರು" ಅಂದ.

ಆ ವರ್ಷ ಹಂಚು ಕೈಯಾಡಿಸಿದೆ. 2018ರಲ್ಲಿ ಆಳು ಸಿಗಲಿಲ್ಲ, ಬಿಟ್ಟೆ. ಆ ಮಳೆಗಾಲದಲ್ಲಿ ಮಂಗಗಳು ಅಡುಗೆಮನೆ ಮೇಲೆ ಹಾರಾಡಿ ಆರು ಹಂಚು ಒಡೆದಿದ್ದವು. ಅದನ್ನು ನಾನು ಕಣ್ಣಾರೆ ನೋಡಿದ್ದು 2019ರ ಜನವರಿಯಲ್ಲಿ, ಅದೂ ಮನೆ ನೋಡಲು ಜನ ಬಂದಾಗ. ಶಿವಮೊಗ್ಗದ ಒಬ್ಬ ಮೇಷ್ಟ್ರು ಮತ್ತು ಅವರ ಹೆಂಡತಿ ಬಂದಿದ್ದರು. ಕೃಷಿ ಕುಟುಂಬದವರು, ನಿವೃತ್ತಿಯ ಮೇಲೆ ಹಳ್ಳಿಯಲ್ಲಿ ಇರುವ ಆಸೆ. ಮನೆ ಮತ್ತು ಅದಕ್ಕೆ ಸೇರಿದ ಒಂದೆಕರೆ ತೋಟ ಎರಡೂ ಇಷ್ಟವಾಗಿ ಮಾತು ಆಯಿತು. ಮಗಳ ಮದುವೆ ಮುಗಿಸಿ ಮಳೆಗಾಲ ಕಳೆದ ಮೇಲೆ ಬರವಣಿಗೆ ಎಂದು ನಿಶ್ಚಯವಾಯಿತು. ಜನವರಿಯಲ್ಲಿ ಮರವೆಲ್ಲ ಒಣಗಿ ಗಟ್ಟಿಯಾಗಿಯೇ ಕಂಡಿತ್ತು. ಆರು ಹಂಚು ತಾನೇ ಅಂತ ನಾನು ಸುಮ್ಮನಾದೆ. ಆ ಬೇಸಿಗೆಯಲ್ಲೂ ನನ್ನ ತೋಟದ ಕೆಲಸವೇ ಮುಂದೆ ನಿಂತಿತು.

2019ರ ಆಗಸ್ಟ್ ಮೊದಲ ವಾರದ ಮಳೆ ಮಲೆನಾಡಿನವರಿಗೆಲ್ಲ ನೆನಪಿರಬೇಕು. ಮೂರನೇ ದಿನ ರಾತ್ರಿ ಲಾರಿ ಕಲ್ಲು ಸುರಿದ ಹಾಗೆ ಸದ್ದಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಅಡುಗೆಮನೆ ಮಾಡು ಕುಸಿದು, ಪಡುವಣ ಗೋಡೆ ಮಣ್ಣಿನ ಗುಪ್ಪೆಯಾಗಿತ್ತು. ಸೆಪ್ಟೆಂಬರ್‌ನಲ್ಲಿ ಮೇಷ್ಟ್ರು ಬಂದರು, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತರು, "ಇಷ್ಟು ರಿಪೇರಿ ನಮ್ಮ ಕೈಲಾಗೋದಲ್ಲ" ಅಂತ ಹೇಳಿ ಹೋದರು. ಕೊನೆಗೆ ತೋಟವನ್ನು ಪಕ್ಕದವರು ತೆಗೆದುಕೊಂಡರು. ಮನೆಯನ್ನು ಹಳೇ ಮರದ ವ್ಯಾಪಾರಿ ಬಿಚ್ಚಿಕೊಂಡು ಹೋದ. ದೊಡ್ಡಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಬಚ್ಚಲ ಒಲೆ ಆದರೂ ಇದ್ಯೇನೋ?" ಇರಲಿಲ್ಲ. ಅಣ್ಣ ಇವತ್ತಿಗೂ ನನಗೊಂದು ಮಾತು ಅಂದಿಲ್ಲ. ಅದೇ ನನಗೆ ಕಷ್ಟ.

ಆರು ಹಂಚಿನಿಂದ ಮನೆ ಬೀಳುವುದು ಹೇಗೆ?

ಇದನ್ನು ಅರ್ಥ ಮಾಡಿಕೊಂಡರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದು ತಾನಾಗಿ ತಿಳಿಯುತ್ತದೆ.

ಹಂಚು ಒಡೆದ ಜಾಗದಲ್ಲಿ ಮೊದಲು ಒದ್ದೆಯಾಗುವುದು ರೀಪು. ಅಲ್ಲಿಂದ ನೀರು ಪಕಾಸಿನ ಬೆನ್ನು ಹಿಡಿದು ಕೆಳಕ್ಕೆ ಹರಿಯುತ್ತದೆ. ಹಾಗಾಗಿ ಒಳಗೆ ಹನಿ ಬೀಳುವ ಜಾಗ ಒಂದಾದರೆ, ಹಂಚು ಒಡೆದ ಜಾಗ ಎರಡು ಮೂರು ಅಡಿ ಮೇಲಿರುತ್ತದೆ. ಪಕಾಸಿನ ಕೆಳತುದಿ ಕೂತಿರುವುದು ಗೋಡೆಯ ತಲೆಯ ಮೇಲೆ. ನೀರೆಲ್ಲ ಕೊನೆಗೆ ಸೇರುವುದು ಅಲ್ಲಿಗೇ. ಒಂದು ಮಳೆಗಾಲದಲ್ಲಿ ಪಕಾಸಿನ ತುದಿ ಮೆತ್ತಗಾಗುತ್ತದೆ, ಒರಲೆಗೆ ಬೇಕಾಗಿದ್ದೂ ಅದೇ. ಎರಡನೇ ಮಳೆಗಾಲದಲ್ಲಿ ಮಣ್ಣಿನ ಗೋಡೆಯ ತಲೆ ನೀರು ಕುಡಿದು ಸಡಿಲವಾಗುತ್ತದೆ. ಆಮೇಲೆ ಒಂದು ಜೋರು ಮಳೆ ಸಾಕು.

ಭಾರದ ಲೆಕ್ಕವನ್ನೂ ನೋಡಿ. ಒಂದು ಚದರ ಮೀಟರ್‌ಗೆ ಸುಮಾರು 15 ಮಂಗಳೂರು ಹಂಚು ಬೇಕು. ಮಾಡಿನ ವಿಸ್ತೀರ್ಣ 2,000 ಚದರ ಅಡಿ ಇದ್ದರೆ ಹೆಚ್ಚುಕಡಿಮೆ 2,800 ಹಂಚು. ಹಂಚೊಂದು ಎರಡೂವರೆ ಕಿಲೋ ಅಂತ ಹಿಡಿದರೆ ಒಟ್ಟು 7 ಟನ್. ಹಳೇ ಹಂಚು ತೂಕದ ನೂರಕ್ಕೆ 15 ಭಾಗ ನೀರು ಕುಡಿಯಿತು ಅಂದುಕೊಳ್ಳಿ. ಆಷಾಢದಲ್ಲಿ ನಿಮ್ಮ ಮಾಡಿನ ಮೇಲೆ ಒಂದು ಟನ್ ನೀರಿನ ಭಾರ ಹೆಚ್ಚಾಗಿ ಕೂತಿರುತ್ತದೆ. ಒಣ ಪಕಾಸು ಅದನ್ನು ಹೊರುತ್ತದೆ. ಕೊಳೆತ ಪಕಾಸು ಹೊರುವುದಿಲ್ಲ.

ಬೀಗ ಹಾಕಿದ ಮನೆ ಬೇಗ ಹಾಳಾಗಲು ಇನ್ನೊಂದು ಕಾರಣವಿದೆ: ಹೊಗೆ ಇಲ್ಲದಿರುವುದು. ಒಲೆ ಉರಿಯುವ ಮನೆಯಲ್ಲಿ ಅಟ್ಟದ ಮರ ಬೆಚ್ಚಗೆ ಒಣಗಿರುತ್ತದೆ, ಹೊಗೆಗೆ ಹುಳು ಹತ್ತಿರ ಬರುವುದಿಲ್ಲ. ನಮ್ಮಜ್ಜಿ ಕಾಲದ ಅಡುಗೆಮನೆ ಪಕಾಸುಗಳು ಕರ್ರಗೆ ಮಸಿ ಹಿಡಿದಿದ್ದರೂ ಕಬ್ಬಿಣದ ಹಾಗಿರುವುದು ಇದಕ್ಕೇ. ಒಲೆ ಆರಿ, ಕಿಟಕಿ ಮುಚ್ಚಿ ನಾಲ್ಕು ತಿಂಗಳು ಕಳೆದರೆ ಒಳಗಿನ ತೇವ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ.

ಮೊದಲ ಕೆಲಸ: ಹಂಚು ಕೈಯಾಡಿಸುವುದು

ಕರಾವಳಿ, ಮಲೆನಾಡಿನ ಮನೆಗಳ ಹಂಚಿನ ಚರಿತ್ರೆ 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಲ್ಲಿಂದ ಆರಂಭ. ಆಮೇಲೆ ಹತ್ತಾರು ಕಾರ್ಖಾನೆಗಳು ಬಂದವು. ಇದನ್ನು ಹೇಳಲು ಕಾರಣವಿದೆ. ಒಂದು ಕಾರ್ಖಾನೆಯ ಹಂಚಿನ ಗಾಡಿ ಇನ್ನೊಂದರದ್ದಕ್ಕೆ ಸರಿಯಾಗಿ ಕೂರುವುದಿಲ್ಲ. ಒಡೆದ ಹಂಚಿನ ಹಿಂಬದಿಯಲ್ಲಿ ಒತ್ತಿರುವ ಹೆಸರು ನೋಡಿ, ಅದೇ ಹಂಚು ಹುಡುಕಿ. ಹೊಸದು ಸಿಗದಿದ್ದರೆ ಮನೆ ಬಿಚ್ಚುವಲ್ಲಿ ಸಿಗುತ್ತದೆ. ಸಿಕ್ಕಾಗ ಐವತ್ತು ನೂರು ಹೆಚ್ಚಿಗೆ ತಂದು ಕೊಟ್ಟಿಗೆ ಪಕ್ಕ ಜೋಡಿಸಿಟ್ಟುಕೊಳ್ಳಿ.

ಕೆಲಸದ ಕ್ರಮ ಹೀಗೆ:

1. ಸೋರುವ ಜಾಗ ಗುರುತು ಮಾಡಿ. ಮಧ್ಯಾಹ್ನ ಬಿಸಿಲಿರುವಾಗ ಅಟ್ಟ ಹತ್ತಿ, ದೀಪ ಹಾಕದೆ ಕೂರಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಎಲ್ಲೆಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೋ ಅಲ್ಲೆಲ್ಲ ಪಕಾಸಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಏಪ್ರಿಲ್‌ನ ಮೊದಲ ಗುಡುಗು ಮಳೆಯಲ್ಲಿ ಟಾರ್ಚ್ ಹಿಡಿದು ಮತ್ತೊಮ್ಮೆ ಹತ್ತಿ. ಆಗ ಕಂಡದ್ದಕ್ಕೂ ಗುರುತು ಹಾಕಿ. ಹನಿ ಬಿದ್ದ ಜಾಗಕ್ಕಿಂತ ಮೇಲಕ್ಕೆ ಹುಡುಕಬೇಕು ಅನ್ನುವುದು ನೆನಪಿರಲಿ.

2. ಹಂಚು ತಟ್ಟಿ ನೋಡಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಒಳ್ಳೇ ಹಂಚು ಠಣ್ ಅನ್ನುತ್ತದೆ. ಕೂದಲೆಳೆ ಬಿರುಕು ಇದ್ದರೆ ಡಬ್ ಅಂತ ಮಂಕು ಸದ್ದು ಬರುತ್ತದೆ. ಅದನ್ನು ವಾಪಸ್ ಇಡಬೇಡಿ.

3. ಗಾಡಿಯಲ್ಲಿ ತುಂಬಿದ ಎಲೆ, ಮಣ್ಣು, ಪಾಚಿ ತೆಗೆಯಿರಿ. ಎಷ್ಟೋ ಮನೆ ಸೋರುವುದು ಹಂಚು ಒಡೆದು ಅಲ್ಲ. ಕಸ ಕಟ್ಟಿಕೊಂಡು ನೀರು ಅಡ್ಡಕ್ಕೆ ಹರಿಯುವುದರಿಂದ ಸೋರುತ್ತದೆ. ತೆಂಗಿನ ಪೊರಕೆಯಲ್ಲಿ ಉಜ್ಜಿದರೆ ಸಾಕು.

4. ಎರಡು ಮಾಡು ಕೂಡುವ ಮೂಲೆಯ ತಗಡು ತೂತಾಗಿದೆಯಾ ನೋಡಿ. ಇಡೀ ಮಾಡಿನ ನೀರು ಹರಿಯುವುದು ಅಲ್ಲಿ. ನೆತ್ತಿಯ ಹಂಚಿನ ಗಾರೆ ಬಿಟ್ಟಿದ್ದರೆ ಹೊಸದಾಗಿ ಹಚ್ಚಿಸಿ. ಬೆಳಕಿಗೆ ಹಾಕಿದ ಗಾಜಿನ ಹಂಚಿನ ಅಂಚನ್ನೂ ಬಿಡಬೇಡಿ.

5. ಪಕಾಸಿನ ಕೆಳತುದಿಯನ್ನು ಕತ್ತಿಯ ಮೊನೆಯಿಂದ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಅದು ಕೊಳೆತಿದೆ. ಇಡೀ ಪಕಾಸು ಬದಲಿಸಲು ಆಗದಿದ್ದರೆ ಪಕ್ಕದಲ್ಲಿ ಇನ್ನೊಂದು ತುಂಡು ಜೋಡಿಸಿ ಬೋಲ್ಟು ಹಾಕಿಸಿ. ಈ ವರ್ಷ ಒಂದು ಪಕಾಸು, ಮುಂದಿನ ವರ್ಷ ಒಂದು ಗೋಡೆ. ಖರ್ಚು ಏರುವುದು ಹೀಗೆ.

6. ಮಾಡಿನ ಮೇಲೆ ಬಾಗಿರುವ ಕೊಂಬೆ ಕಡಿಸಿ. ಗಾಳಿಗೆ ಬೀಳುವ ಭಯ ಒಂದು, ಮಂಗಕ್ಕೆ ದಾರಿ ಇನ್ನೊಂದು.

ಹಂಚಿನ ಮೇಲೆ ನಡೆಯುವವರು ರೀಪು ಇರುವ ಜಾಗದಲ್ಲೇ ಕಾಲಿಡಬೇಕು. ಹಲಗೆ ಅಡ್ಡ ಹಾಕಿಕೊಂಡು ಅದರ ಮೇಲೆ ಕೂತು ಕೆಲಸ ಮಾಡಿದರೆ ಇನ್ನೂ ಒಳ್ಳೇದು. ಸೊಂಟಕ್ಕೊಂದು ಹಗ್ಗ ಇರಲಿ. ಮಳೆ ಶುರುವಾದ ಮೇಲೆ ಪಾಚಿ ಹಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ, ನೀವೂ ಹತ್ತಬೇಡಿ. ಆಗ ಒಳಗಿನಿಂದ ಹಾಳೆಯನ್ನೋ ತಗಡಿನ ತುಂಡನ್ನೋ ಹಂಚಿನ ಸಂದಿಗೆ ಸಿಕ್ಕಿಸಿ ದಿನ ದೂಡಿ.

ಒಂದು ಎಚ್ಚರಿಕೆ. ಸೋರುತ್ತದೆ ಅಂತ ಹಂಚಿನ ಕೆಳಗೆ ಪಕಾಸಿಗೆ ತಾಗಿದಂತೆ ಪ್ಲಾಸ್ಟಿಕ್ ಹೊದಿಸುತ್ತಾರೆ. ನೀರು ಒಳಗೆ ಬೀಳದಿರಬಹುದು, ಆದರೆ ಪ್ಲಾಸ್ಟಿಕ್ ಮತ್ತು ಮರದ ನಡುವೆ ತೇವ ನಿಂತು ಮರ ಒಳಗೊಳಗೇ ಕೊಳೆಯುತ್ತದೆ. ಸೋರುವುದು ಕಣ್ಣಿಗೆ ಕಂಡರೆ ರಿಪೇರಿಯಾದರೂ ಮಾಡುತ್ತೇವೆ. ಕಾಣದಿದ್ದರೆ ಅದೂ ಇಲ್ಲ.

ಆರ್‌ಸಿಸಿ ಮನೆಯವರು ನಮಗೇನೂ ಇಲ್ಲ ಅಂದುಕೊಳ್ಳಬೇಡಿ. ತಾರಸಿಯ ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿದರೆ ಒಂದೇ ರಾತ್ರಿಗೆ ಅದು ಕೆರೆಯಾಗುತ್ತದೆ. ನಮ್ಮ ಕಡೆ ತಾರಸಿ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ಹೆಚ್ಚಾಗಿದೆ. ಸೋರುವುದೂ ನಿಲ್ಲುತ್ತದೆ, ಬಟ್ಟೆ ಅಡಿಕೆ ಹರಡಲು ಜಾಗವೂ ಆಗುತ್ತದೆ. ಗಾಳಿಗೆ ಶೀಟಿನ ಬೋಲ್ಟು ಸಡಿಲವಾಗುವುದರಿಂದ ವರ್ಷಕ್ಕೊಮ್ಮೆ ಬಿಗಿ ಮಾಡಿಸಬೇಕು.

ಗೋಡೆ, ಅಡಿಪಾಯ, ಧರೆ

ನಮ್ಮ ಮಳೆ ಬಡಿಯುವುದು ಪಡುವಣ ಮತ್ತು ನೈರುತ್ಯ ದಿಕ್ಕಿನಿಂದ. ಹಿರಿಯರು ಆ ಕಡೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಸೋಗೆ ಹೆಣೆಯುವವರಿಲ್ಲದಿದ್ದರೆ ಟಾರ್ಪಾಲು ಆದೀತು. ಆದರೆ ಗೋಡೆಗೆ ಅಂಟಿಸಿ ಕಟ್ಟಬೇಡಿ, ಒಂದು ಗೇಣು ಸಂದು ಬಿಡಿ. ಗಾಳಿ ಆಡದಿದ್ದರೆ ಮಳೆಗಿಂತ ತೇವವೇ ಗೋಡೆ ತಿನ್ನುತ್ತದೆ.

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾಡಿಸುವುದು ಬಹಳ ಕಡೆ ನಡೆದ ತಪ್ಪು. ಸಿಮೆಂಟು ಮಣ್ಣಿಗೆ ಹೊಂದಿಕೊಳ್ಳುವುದಿಲ್ಲ, ಒಳಗಿನ ತೇವವನ್ನು ಹೊರಗೆ ಬಿಡುವುದೂ ಇಲ್ಲ. ನಾಲ್ಕಾರು ವರ್ಷಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಸುಣ್ಣ, ಮಣ್ಣು, ಮರಳು ಬೆರೆಸಿದ ಗಾರೆಯೇ ಅದಕ್ಕೆ ಸರಿ.

ಮನೆಯ ಸುತ್ತ ಮಣ್ಣಿನ ಮಟ್ಟ ಒಳಗಿನ ನೆಲಕ್ಕಿಂತ ಕನಿಷ್ಠ ಒಂದಡಿ ಕೆಳಗಿರಬೇಕು. ವರ್ಷ ವರ್ಷ ಅಂಗಳಕ್ಕೆ ಮಣ್ಣು ಹಾಕಿ ಹಾಕಿ ಎಷ್ಟೋ ಮನೆಯಲ್ಲಿ ಜಗಲಿಯೇ ತಗ್ಗಾಗಿದೆ. ಸೂರಿನ ನೀರು ಬೀಳುವ ಸಾಲಿನಲ್ಲಿ ಕಲ್ಲು ಹಾಸಿ, ಅಲ್ಲಿಂದ ಚರಂಡಿಗೆ ಹರಿಯುವಂತೆ ಮಾಡಿ. ಅಡಿಕೆ ದಂಬೆ ಕಟ್ಟುವವರು ಹಳೇ ದಂಬೆ ಕೊಳೆತಿದೆಯಾ ನೋಡಿಕೊಳ್ಳಿ.

ಹಿಂದುಗಡೆ ಧರೆ ಇದ್ದರೆ ಇದು ಎಲ್ಲಕ್ಕಿಂತ ಮುಖ್ಯ. ಜಾಗ ಸಾಲದು ಅಂತ ಜೆಸಿಬಿಯಲ್ಲಿ ಧರೆಯನ್ನು ನೆಟ್ಟಗೆ ಕಡಿಸಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದ್ದನ್ನು ನೋಡಿದ್ದೇವೆ. ಧರೆಯ ನೆತ್ತಿಯ ಹಿಂದೆ ಅಗಳ ತೋಡಿ ಮೇಲಿನ ನೀರನ್ನು ಬೇರೆ ಕಡೆ ತಿರುಗಿಸಿ. ನೆತ್ತಿಯಲ್ಲಿ ಬಿರುಕು ಕಂಡರೆ, ನೆಟ್ಟಗಿದ್ದ ಮರ ವಾಲಿದರೆ, ತಿಳಿಯಾಗಿದ್ದ ಒರತೆಯಲ್ಲಿ ಇದ್ದಕ್ಕಿದ್ದಂತೆ ಕೆಸರು ನೀರು ಬಂದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಮನೆ ಹೋದರೆ ಇನ್ನೊಂದು ಕಟ್ಟಿಕೊಳ್ಳಬಹುದು.

ಒರಲೆ ವಿಷಯಕ್ಕೆ ಬಂದರೆ, ಗೋಡೆ ಮೇಲಿನ ಮಣ್ಣಿನ ಗೆರೆ ಕಂಡಾಗೆಲ್ಲ ಕೆರೆದು ತೆಗೆಯಿರಿ. ಕಟ್ಟಿಗೆಯನ್ನು ಗೋಡೆಗೆ ತಾಗಿಸಿ ಒಟ್ಟಬೇಡಿ. ಮರಕ್ಕೆ ಗೇರೆಣ್ಣೆ ಹಚ್ಚುವುದು ಹಳೇ ಪದ್ಧತಿ, ಈಗಲೂ ಒಳ್ಳೇದು. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈಗವಸು ಹಾಕಿಕೊಳ್ಳಿ. ಒರಲೆ ಔಷಧಿ ಸುರಿಯುವವರು ಬಾವಿ ಎಷ್ಟು ದೂರದಲ್ಲಿದೆ ಎಂದು ಮೊದಲು ನೋಡಿ.

ಕರೆಂಟಿನ ವಿಷಯದಲ್ಲಿ ಎರಡೇ ಮಾತು. ಒದ್ದೆ ಗೋಡೆಯಲ್ಲಿರುವ ಹಳೇ ವೈರು ಜೀವ ತೆಗೆಯುತ್ತದೆ. 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ. ಬೀಗ ಹಾಕಿದ ಮನೆಯಲ್ಲಿ ಮೇನ್ ಸ್ವಿಚ್ ತೆಗೆದೇ ಇರಲಿ.

ಮನೆಗೆ ಬೆಲೆ ಯಾವಾಗ?

ಈಗ ವ್ಯಾಪಾರದ ಮಾತು. ಹಳ್ಳಿಯ ತೋಟ-ಮನೆ ಕೇಳಿಕೊಂಡು ಬರುವವರು ಮೂರು ಥರ.

ಮೊದಲನೆಯವರು ಊರಿನವರೇ. ಅವರಿಗೆ ಬೇಕಾದ್ದು ತೋಟ. ನೀರು ಹೇಗಿದೆ, ರಸ್ತೆ ಇದೆಯಾ, ಮರದ ವಯಸ್ಸೆಷ್ಟು ಎಂದು ನೋಡಿ ಬೆಲೆ ಕಟ್ಟುತ್ತಾರೆ. ಅವರಿಗೆ ಆಗಲೇ ಮನೆ ಇದೆ, ನಿಮ್ಮ ಮನೆಗೆ ಅವರು ಕೊಡುವ ಬೆಲೆ ಹೆಚ್ಚುಕಡಿಮೆ ಸೊನ್ನೆ. ಎರಡನೆಯವರು ಹೊರಗಿನವರು. 2020ರ ಭೂ ಸುಧಾರಣಾ ತಿದ್ದುಪಡಿಯಲ್ಲಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಾಗಾಗಿ ಇವರ ಸಂಖ್ಯೆ ಹೆಚ್ಚಿದೆ. ಮನೆಗೆ ನಿಜವಾದ ಬೆಲೆ ಕೊಡುವವರು ಇವರೇ. ಆದರೆ ಒಂದು ಷರತ್ತು: ಬಂದ ದಿನವೇ ಒಲೆ ಹಚ್ಚುವಂತಿರಬೇಕು. ಮೂರನೆಯವನು ಹಳೇ ಮರದ ವ್ಯಾಪಾರಿ. ಅವನು ಕಂಬ, ಬಾಗಿಲು, ತೊಲೆ ಎಣಿಸುತ್ತಾನೆ. ಮನೆ ಎಷ್ಟು ಹಾಳಾಗಿದೆಯೋ ಅಷ್ಟು ಅವನಿಗೆ ಚೌಕಾಸಿಗೆ ಅನುಕೂಲ. ಅವನಿಗೇ ಕೊಡುವುದಾದರೂ ಮರ ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ವಿಷಯ ಮೊದಲು ವಿಚಾರಿಸಿ.

ನಮ್ಮ ದೊಡ್ಡಪ್ಪನ ಮನೆ ಎರಡನೆಯವರ ಕೈಯಿಂದ ಜಾರಿ ಮೂರನೆಯವನ ಕೈಗೆ ಹೋದದ್ದು ಒಂದೇ ವಾರದ ಮಳೆಗೆ. ನಡುವೆ ಇದ್ದದ್ದು ಆರು ಹಂಚು ಮತ್ತು ಒಬ್ಬ ಆಳಿನ ಅರ್ಧ ದಿನದ ಕೂಲಿ.

ಮಾರುವವರು ಕಾಗದವನ್ನೂ ಹಂಚಿನ ಹಾಗೇ ಕೈಯಾಡಿಸಬೇಕು. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸಿ. 11ನೇ ಕಲಂನಲ್ಲಿ ತೀರಿಸಿದ ಸಾಲ ಹಾಗೇ ಕೂತಿದ್ದರೆ ತೆಗೆಸಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ 11ಇ ನಕ್ಷೆ ಬೇಕು. ಮನೆ ಗ್ರಾಮಠಾಣಾದಲ್ಲಿದ್ದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ಕೇಳುತ್ತಾರೆ. 94ಸಿಯಲ್ಲಿ ಸಕ್ರಮವಾದ ಮನೆಯಾದರೆ ಹಕ್ಕುಪತ್ರದ ಷರತ್ತು ಓದಿ. ಸೊಪ್ಪಿನ ಬೆಟ್ಟ ನಿಮಗಿರುವ ಅನುಭೋಗದ ಹಕ್ಕು, ನಿಮ್ಮ ಸ್ವಂತ ಜಮೀನಲ್ಲ. ಅದನ್ನೂ ಸೇರಿಸಿ ಎಕರೆ ಲೆಕ್ಕ ಹೇಳಿ ಮಾರಲು ಹೋಗಬೇಡಿ. ಇನ್ನೊಂದು ವಿಷಯ: ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. 2005ರ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಎರಡೂ ಅದನ್ನೇ ಹೇಳುತ್ತವೆ. ಅಕ್ಕತಂಗಿಯರನ್ನು ಕಡೇ ದಿನ ಸಹಿಗೆ ಕರೆಯುವ ಬದಲು ಮೊದಲ ದಿನವೇ ಮಾತಿಗೆ ಕರೆಯಿರಿ.

ಕೊಳ್ಳುವವರಿಗೆ ನನ್ನ ಮಾತು ಒಂದೇ: ಮಲೆನಾಡಿನ ಮನೆಯನ್ನು ಆಷಾಢದಲ್ಲಿ ನೋಡಿ. ಜನವರಿಯಲ್ಲಿ ಎಲ್ಲ ಮನೆಯೂ ಚಂದ. ಹೊಸ ಬಣ್ಣ ಹೊಡೆದ ಗೋಡೆಯ ಬುಡದಲ್ಲಿ ಕೈಯಿಟ್ಟು ನೋಡಿ, ಅಟ್ಟ ಹತ್ತಿ, ಪಕಾಸಿನ ತುದಿ ಚುಚ್ಚಿ ನೋಡಿ. ರಸ್ತೆ ಮಳೆಯಲ್ಲಿ ಇರುತ್ತದಾ, ಹಳ್ಳ ದಾಟಬಹುದಾ, ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ ಎಂದು ಪಕ್ಕದ ಮನೆಯವರನ್ನು ಕೇಳಿ. ಋಣಭಾರ ಪತ್ರ ನೋಡದೆ ಮುಂಗಡ ಕೊಡಬೇಡಿ.

ಮಾರದೆ ಉಳಿಸಿಕೊಳ್ಳುವುದಾದರೆ

ನಮ್ಮ ಪಕ್ಕದ ಊರಿನಲ್ಲಿ ಇನ್ನೊಂದು ಬೀಗದ ಮನೆಯಿತ್ತು. ಯಜಮಾನರು ಹುಬ್ಬಳ್ಳಿಯಲ್ಲಿ. ಆಸ್ಪತ್ರೆಯ ನರ್ಸಮ್ಮ ಬಾಡಿಗೆ ಮನೆ ಹುಡುಕುತ್ತಿದ್ದಾಗ ಇವರು ಹೇಳಿದರಂತೆ: "ಬಾಡಿಗೆ ನೀವು ಕೊಟ್ಟಷ್ಟು ಕೊಡಿ. ಆದ್ರೆ ದಿನಾ ಬಚ್ಚಲ ಒಲೆಗೆ ಬೆಂಕಿ ಹಾಕ್ಬೇಕು, ಸೋರಿದ್ರೆ ಅವತ್ತೇ ಫೋನ್ ಮಾಡ್ಬೇಕು." ಆ ಮನೆ ಇವತ್ತಿಗೂ ನೆಟ್ಟಗಿದೆ. ಇಂಥ ಕರಾರನ್ನು ಬಾಯಿಮಾತಲ್ಲಿ ಬಿಡದೆ, ಹನ್ನೊಂದು ತಿಂಗಳ ಬಾಡಿಗೆ ಪತ್ರದಲ್ಲಿ ಬರೆದುಕೊಳ್ಳಿ.

ಬಾಡಿಗೆಗೂ ಯಾರೂ ಸಿಗದಿದ್ದರೆ ನಂಬಿಕಸ್ಥರೊಬ್ಬರಿಗೆ ತಿಂಗಳಿಗಿಷ್ಟು ಅಂತ ಸಂಬಳ ಗೊತ್ತು ಮಾಡಿ. ವಾರಕ್ಕೆರಡು ಸಲ ಒಲೆ ಹಚ್ಚಬೇಕು, ಹೊಳವಾದಾಗ ಕಿಟಕಿ ತೆರೆಯಬೇಕು, ಜೋರು ಮಳೆಯ ಮಾರನೇ ದಿನ ಅಟ್ಟ ನೋಡಿ ಫೋಟೊ ಕಳಿಸಬೇಕು. "ಒಂದು ಕಣ್ಣಿಟ್ಟಿರು" ಅಂತ ನೆಂಟರಿಗೆ ಹೇಳಿ ಹೋಗಬೇಡಿ. ಕೆಲಸ ಇಂಥದ್ದು, ಕೂಲಿ ಇಷ್ಟು ಅಂತ ಆದರೆ ಮಾತ್ರ ಅದು ಕೆಲಸವಾಗಿ ನಡೆಯುತ್ತದೆ. ನೋಡಿಕೊಳ್ಳಲು ಒಪ್ಪಿಕೊಂಡವರಿಗೂ ಒಂದು ಮಾತು: ಆಗದಿದ್ದರೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಿ. 2019ರ ಬೇಸಿಗೆಯಲ್ಲಿ ನಾನು ಅಣ್ಣನಿಗೆ ಒಂದು ಫೋನ್ ಮಾಡಿದ್ದರೆ ಅವನು ಸಾಗರದಿಂದ ಆಳು ಕಳಿಸುತ್ತಿದ್ದ.

ಮಳೆ ನಕ್ಷತ್ರದ ಲೆಕ್ಕದಲ್ಲಿ ಕೆಲಸದ ಪಟ್ಟಿ

ಮಾರ್ಚ್: ಅಟ್ಟ ಹತ್ತಿ ಬೆಳಕಿನ ಚುಕ್ಕಿ ಗುರುತು ಮಾಡುವುದು. ಹಂಚು, ರೀಪು ಎಷ್ಟು ಬೇಕೆಂದು ಲೆಕ್ಕ. ಆಳಿಗೆ ಈಗಲೇ ಹೇಳಿಡುವುದು. ಮೇ ಕೊನೆಗೆ ಊರವರಿಗೆಲ್ಲ ಅದೇ ಆಳು ಬೇಕು.

ಅಶ್ವಿನಿ, ಭರಣಿ (ಏಪ್ರಿಲ್ ನಡುವಿನಿಂದ ಮೇ ಮೊದಲ ವಾರ): ಮೊದಲ ಮಳೆಯಲ್ಲಿ ಮತ್ತೊಮ್ಮೆ ಅಟ್ಟ. ಹಂಚು ಕೈಯಾಡಿಸಿ ಮುಗಿಸುವುದು, ಕೊಂಬೆ ಕಡಿಸುವುದು. ಗುಡುಗು ಬಂದಾಗ ಪ್ಲಗ್ ತೆಗೆಯುವುದು.

ಕೃತ್ತಿಕಾ (ಮೇ ನಡುವೆ): ಚರಂಡಿ, ಅಗಳ, ದಂಬೆ. ಗೋಡೆಯ ಗಾರೆ ಒಣಗಲು ಇದೇ ಕೊನೇ ಅವಕಾಶ.

ರೋಹಿಣಿ (ಜೂನ್ ಮೊದಲ ವಾರದವರೆಗೆ): ಪಡುವಣ ಗೋಡೆಗೆ ತಟ್ಟಿ. ಕಟ್ಟಿಗೆ ಒಳಗೆ. ಮನೆಯ ನಾಲ್ಕೂ ಕಡೆಯ, ಅಟ್ಟದ ಒಳಗಿನ ಫೋಟೊ ತೆಗೆದಿಡುವುದು. ಮಳೆಯಲ್ಲಿ ಹಾನಿಯಾದರೆ ಗ್ರಾಮ ಆಡಳಿತ ಅಧಿಕಾರಿಗೆ ತಕ್ಷಣ ತಿಳಿಸುವಾಗ ಮೊದಲಿನದ್ದು, ಆಮೇಲಿನದ್ದು ಎರಡೂ ತೋರಿಸಬಹುದು.

ಮೃಗಶಿರಾದಿಂದ ಮಘಾವರೆಗೆ (ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆ): ವಾರಕ್ಕೊಮ್ಮೆ ಅಟ್ಟ, ದಿನಾ ಒಲೆ, ಬಿಸಿಲು ಬಂದರೆ ಕಿಟಕಿ.

ಈ ಪಟ್ಟಿಯನ್ನು ನಾನು ಈಗ ಬೋರ್ಡೋ ಸಿಂಪಡಣೆಯ ದಿನಾಂಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿಡುತ್ತೇನೆ. ಕೊಳೆರೋಗಕ್ಕೆ ಮೊದಲ ಸಿಂಪಡಣೆ ತಪ್ಪಿದರೆ ಒಂದು ವರ್ಷದ ಫಸಲು ಹೋಗುತ್ತದೆ, ಮುಂದಿನ ವರ್ಷ ಮರ ಮತ್ತೆ ಬಿಡುತ್ತದೆ. ಮನೆಗೆ ಮುಂದಿನ ಫಸಲು ಇಲ್ಲ. ಈ ವಾರ ತೋಟದ ಕೆಲಸದ ನಡುವೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು, ದೀಪ ಹಾಕದೆ, ನಿಮ್ಮ ಅಟ್ಟದಲ್ಲಿ ಹತ್ತು ನಿಮಿಷ ಕೂತು ಬನ್ನಿ. ನಿಮ್ಮ ಹತ್ತಿರ ಬೇರೆಯವರ ಮನೆಯ ಬೀಗದಕೈ ಇದ್ದರೆ ಮೊದಲು ಅಲ್ಲಿಗೆ ಹೋಗಿ.